38 ರೂಪಾಯಿ, 13 ಆಣೆ, 2 ಪೈ

ಉಡುಪಿಗೆ ವೀಕೆಂಡ್ ಟ್ರಿಪ್ ಬರುವವರ ಪಟ್ಟಿ ಎಲ್ಲರಿಗೂ ಬಾಯಿಪಾಠ. ಬೆಳಗ್ಗೆ ಕೃಷ್ಣ ಮಠ, ರಥಬೀದಿಯ ಆಸುಪಾಸಿನಲ್ಲಿ ತಿಂಡಿ, ಆಮೇಲೆ ಮಲ್ಪೆ, ಸಂಜೆಗೆ ಕಾಪು ದೀಪಸ್ತಂಭ, ಮಧ್ಯೆ ಎಲ್ಲೋ ಒಂದು ಗಡ್‌ಬಡ್ ಐಸ್‌ಕ್ರೀಮು. ಇನ್ನೊಂದು ದಿನ ರಜೆ ಉಳಿದಿದ್ದರೆ ಕಾರ್ಕಳದ ಗೊಮ್ಮಟ. ಈ ಪಟ್ಟಿಯ ಕೊನೆಯಲ್ಲಿ, ಮಳೆ ಜೋರಾಗಿ ಬೀಚಿಗೆ ಹೋಗೋಕಾಗದಿದ್ದರೆ ಮಾತ್ರ ಎನ್ನುವ ಹಾಗೆ, ಇನ್ನೊಂದು ಹೆಸರು ಸೇರಿಕೊಂಡಿರುತ್ತೆ: ನಾಣ್ಯ ಸಂಗ್ರಹಾಲಯ, ಕಾಯಿನ್ ಮ್ಯೂಸಿಯಂ.

ಕ್ರಿಸ್ತಪೂರ್ವ ಕಾಲದ ಮುದ್ರಾಂಕಿತ ನಾಣ್ಯಗಳಿಂದ ಹಿಡಿದು ವಿಜಯನಗರ, ಮೊಘಲರು, ಬ್ರಿಟಿಷರು ದಾಟಿ ನಮ್ಮ ಕಾಲದವರೆಗಿನ ನಾಣ್ಯಗಳು ಅಲ್ಲಿವೆ. ಸಂಗ್ರಹ ಒಳ್ಳೆಯದೇ, ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ಗಂಟೆ ಆರಾಮಾಗಿ ಕಳೆಯುತ್ತೆ. ನನ್ನ ತಕರಾರು ನಾಣ್ಯಗಳ ಮೇಲಲ್ಲ. ಆ ನಾಣ್ಯಗಳನ್ನು ಇಟ್ಟಿರುವ ಕಟ್ಟಡವಿದೆಯಲ್ಲ, ಅಲ್ಲಿ ನೋಡಲೇಬೇಕಾದ ವಸ್ತು ಅದು. ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡದೆಯೇ ವಾಪಸಾಗುತ್ತಾರೆ. ಅವರಿಗೆ ಹಾಗೆ ವಾಪಸಾಗಲು ಬಿಟ್ಟದ್ದು ಸಂಗ್ರಹಾಲಯವೇ ಎನ್ನುವುದು ಈ ಬರಹದ ವಾದ.

ಅದು ಹಾಜಿ ಅಬ್ದುಲ್ಲಾ ಸಾಹೇಬರ ಮನೆ. ಪೂರ್ತಿ ಹೆಸರು ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್. 1906ರ ಮಾರ್ಚ್ 12ರಂದು ಈ ಮನೆಯಲ್ಲಿ 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್' ಶುರುವಾಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಅಂತ ದೇಶಕ್ಕೆಲ್ಲ ಗೊತ್ತಾದದ್ದು ಇದೇ. ಶುರುವಿನ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಬ್ಯಾಂಕಿನಲ್ಲಿ ಜಮೆಯಾಗಿದ್ದದ್ದು 38 ರೂಪಾಯಿ, 13 ಆಣೆ, 2 ಪೈ.

ಈ ಅಂಕಿಯ ಮೇಲೆ ಒಂದು ನಿಮಿಷ ನಿಲ್ಲೋಣ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲ. ಹೊಸ ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ. ಇವತ್ತಿನ ಲೆಕ್ಕಕ್ಕೆ ತಂದರೆ ಅದು ಸುಮಾರು 38 ರೂಪಾಯಿ 82 ಪೈಸೆ. ಎಲ್ಲವನ್ನೂ ಪೈಗೆ ಒಡೆದರೆ 7,454 ಪೈ. ಆ ಕೊನೆಯ 2 ಪೈ ಇದೆಯಲ್ಲ, ನನಗೆ ಇಷ್ಟವಾಗೋದು ಅದು. ಯಾರೋ ಒಬ್ಬರು ಕೂತು ಲೆಕ್ಕ ಬರೆಯುವಾಗ ಅದನ್ನೂ ಬಿಡದೆ ಬರೆದಿದ್ದಾರೆ. 'ಸುಮಾರು ನಲವತ್ತು' ಅನ್ನಲಿಲ್ಲ. ದಾನದ ಲೆಕ್ಕ ಹಾಗೆ ಬರೆಯೋದಿಲ್ಲ, ಹಬ್ಬದ ಖರ್ಚನ್ನೂ ಹಾಗೆ ಬರೆಯೋದಿಲ್ಲ. ಬೇರೆಯವರ ದುಡ್ಡನ್ನು ತನ್ನ ಮನೆಯಲ್ಲಿ ಇಟ್ಟುಕೊಂಡವನು ಮಾತ್ರ ಹಾಗೆ ಬರೆಯುತ್ತಾನೆ.

ಮನೆಯಲ್ಲಿ ಯಾಕೆ ಬ್ಯಾಂಕು? ಇವತ್ತಿನ ಕಣ್ಣಿಗೆ ಅದು ವಿಚಿತ್ರ. ಗ್ಯಾರೇಜಿನಲ್ಲಿ ಸ್ಟಾರ್ಟಪ್ ಶುರು ಮಾಡಿದ ಕಥೆಯ ಹಾಗೆ ಕೇಳಿಸುತ್ತೆ, ಹಾಗೆಯೇ ಹೇಳುವವರೂ ಇದ್ದಾರೆ. ಆದರೆ ಆ ಹೋಲಿಕೆ ಕೂಡುವುದಿಲ್ಲ. ಗ್ಯಾರೇಜಿಗೆ ಹೋಗೋದು ದುಡ್ಡಿಲ್ಲದವರು, ಬೇರೆ ಜಾಗ ಸಿಗದವರು. ಇಲ್ಲಿ ಊರಿನ ದೊಡ್ಡ ವರ್ತಕರೊಬ್ಬರು ತಮ್ಮ ಸ್ವಂತ ಮನೆಯ ಬಾಗಿಲನ್ನು ಬ್ಯಾಂಕಿಗೆ ತೆರೆದರು. ಕರಾವಳಿಯ ಪೇಟೆಗಳಲ್ಲಿ ಮನೆ ಬೇರೆ, ವ್ಯಾಪಾರ ಬೇರೆ ಅನ್ನುವ ಗೆರೆ ಅಷ್ಟು ಗಟ್ಟಿ ಇರಲೂ ಇಲ್ಲ. ಕೆಳಗೆ ಅಂಗಡಿ, ಮೇಲೆ ಉಪ್ಪರಿಗೆಯಲ್ಲಿ ಸಂಸಾರ, ಹಿಂದೆ ಬಂಡಸಾಲೆ. ಜಗಲಿಯಲ್ಲಿ ಕೂತು ಮಾತಾಡಿದ್ದೇ ವ್ಯವಹಾರ. ಇವತ್ತು ಬೆಂಗಳೂರಿನ ಬಿಲ್ಡರುಗಳು 'ಮಿಕ್ಸ್‌ಡ್ ಯೂಸ್' ಅಂತ ಬ್ರೋಷರಿನಲ್ಲಿ ಹಾಕಿ ಮಾರುವುದನ್ನು ನಮ್ಮ ಪೇಟೆಯವರು ಹೆಸರಿಡದೆಯೇ ಮಾಡಿಕೊಂಡಿದ್ದರು.

ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ. 1906ರ ಉಡುಪಿಯನ್ನು ಕಲ್ಪಿಸಿಕೊಳ್ಳಿ. ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ಮಂಗಳೂರಿಗೇ ರೈಲು ಬಂದದ್ದು 1907ರಲ್ಲಿ. ಉಡುಪಿಯಿಂದ ಮಂಗಳೂರಿಗೆ ಹೋಗೋದು ಅಂದ್ರೆ ಹೊಳೆ ಹೊಳೆಗೂ ದೋಣಿ. ದುಡ್ಡು ಬೇಕಾದರೆ ಸಾಹುಕಾರನ ಹತ್ತಿರ ಕೈಸಾಲ, ಅವನು ಹೇಳಿದ್ದೇ ಬಡ್ಡಿ. ಉಳಿತಾಯ ಅಂದರೆ ಮಡಕೆಯೊಳಗೆ, ಇಲ್ಲಾ ಹೆಂಗಸರ ಕೊರಳಲ್ಲಿ. ಇಂಥ ಊರಿನಲ್ಲಿ 'ನಿಮ್ಮ ದುಡ್ಡು ನಮಗೆ ಕೊಡಿ, ನಾವು ಇಟ್ಟುಕೊಳ್ಳುತ್ತೇವೆ' ಅಂದರೆ ಯಾರು ಕೊಡುತ್ತಾರೆ? 'ಕೊಟ್ಟವ ಕೋಡಂಗಿ, ಈಸ್ಕೊಂಡವ ಈರಭದ್ರ' ಅನ್ನುವ ಗಾದೆ ನಮ್ಮ ಭಾಷೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಆ ಭಯಕ್ಕೆ ಒಂದೇ ಉತ್ತರ ಇತ್ತು: ಎಲ್ಲರಿಗೂ ಗೊತ್ತಿರುವ ಮನುಷ್ಯ, ಎಲ್ಲರಿಗೂ ಗೊತ್ತಿರುವ ಮನೆ. ಬ್ಯಾಂಕ್ ಓಡಿಹೋಗಬಹುದು, ಸಾಹೇಬರ ಮನೆ ಎಲ್ಲಿಗೆ ಓಡಿಹೋಗುತ್ತೆ?

ಅಂದರೆ ಆ ದಿನ ಆ ಕಟ್ಟಡ ಮಾಡಿದ್ದು ಬರೀ ನಾಲ್ಕು ಗೋಡೆ, ಒಂದು ಮಾಡು ಕೊಡುವ ಕೆಲಸವಲ್ಲ. ಅದು ಜಾಮೀನು ನಿಂತಿತು. ಈ ಕಟ್ಟಡದ ಎಲ್ಲ ಉಪಯೋಗಗಳಲ್ಲಿ ಇದು ದೊಡ್ಡದು ಅಂತ ನನ್ನ ಎಣಿಕೆ.

*

ಸಾಹೇಬರ ಬಗ್ಗೆ ಊರಿನಲ್ಲಿ ಕೇಳಿದರೆ ನಿಮಗೆ ಸಿಗುವುದು ಬೇರೆ ಕಥೆಗಳು. ಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆ ಕಮ್ಮಿಯಾದಾಗ ತಾವೇ ಎಣ್ಣೆ ಕೊಟ್ಟರಂತೆ. ಕಷ್ಟಕಾಲದಲ್ಲಿ ಬಡವರಿಗೆ ಅಕ್ಕಿ ಹಂಚಿದರಂತೆ. ಪೇಟೆಯ ಮಧ್ಯದ ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆಗೆ ಜಾಗ ಕೊಟ್ಟವರು ಅವರೇ, ಅದು ಕಥೆಯಲ್ಲ, ಆಸ್ಪತ್ರೆಯ ಹೆಸರಿನಲ್ಲೇ ಅವರಿದ್ದಾರೆ. ಕೊನೆಗಾಲಕ್ಕೆ ಅವರ ಸಂಪತ್ತು ಕರಗಿಹೋಗಿತ್ತು. 1906ರಿಂದ ಹಿಡಿದಿದ್ದ ಬ್ಯಾಂಕಿನ ಅಧ್ಯಕ್ಷ ಸ್ಥಾನವನ್ನು 1929ರಲ್ಲಿ ಬಿಟ್ಟರು. 1935ರಲ್ಲಿ ತೀರಿಕೊಂಡರು.

ನಾವು ಅವರನ್ನು ನೆನೆಯುವುದು ದಾನಿ ಅಂತ. ತಪ್ಪೇನಿಲ್ಲ. ಆದರೆ ದಾನಿ ಅಂದಕೂಡಲೇ ನಾವು ಕೈಮುಗಿದು ಮುಂದೆ ಹೋಗಿಬಿಡುತ್ತೇವೆ, ಬ್ಯಾಂಕಿನ ವಿಷಯ ಹಿಂದೆ ಬಿದ್ದುಬಿಡುತ್ತೆ. ದಾನ ನಿಲ್ಲುವುದು ಒಬ್ಬ ಮನುಷ್ಯನ ಮನಸ್ಸಿನ ಮೇಲೆ. ಅವನ ಕೈ ಬರಿದಾದ ದಿನ ದಾನ ಮುಗಿಯಿತು. ಬ್ಯಾಂಕು ಹಾಗಲ್ಲ. ಪಡೆದವನು ವಾಪಸು ಕೊಡಬೇಕು, ಕೊಟ್ಟವನು ಕೇಳಬಹುದು, ಇಬ್ಬರೂ ಪರಸ್ಪರ ಕಾಲಿಗೆ ಬೀಳಬೇಕಾಗಿಲ್ಲ. ಸಾಹೇಬರ ಸಂಪತ್ತು ಹೋಯಿತು, ಅವರ ಬ್ಯಾಂಕು ಉಳಿಯಿತು, ಅವರಿಲ್ಲದೆಯೂ ಬೆಳೆಯಿತು. ಅವರು ಊರಿಗೆ ಕೊಟ್ಟದ್ದರಲ್ಲಿ ದೊಡ್ಡದು ಯಾವುದು ಅಂತ ಕೇಳಿದರೆ, ಎಣ್ಣೆ ಅಕ್ಕಿಗಿಂತ ಮೊದಲು ನಾನು ಇದನ್ನು ಹೇಳುತ್ತೇನೆ. ಒಬ್ಬ ಮುಸ್ಲಿಂ ವರ್ತಕ, ಜೊತೆಗೆ ಊರಿನ ಬೇರೆ ಬೇರೆ ಸಮುದಾಯದವರು, ಒಂದೇ ಪುಸ್ತಕದಲ್ಲಿ ಲೆಕ್ಕ. ಯಾರ ದುಡ್ಡು ಯಾವ ಜಾತಿಯದ್ದು ಅಂತ ಲೆಡ್ಜರಿನ ಮೊತ್ತಕ್ಕೆ ಗೊತ್ತಾಗುವುದಿಲ್ಲ.

ಬ್ಯಾಂಕು ಬೆಳೆದ ಮೇಲೆ ಮನೆ ಚಿಕ್ಕದಾಯಿತು. 1923ರಲ್ಲಿ ಕುಂದಾಪುರಕ್ಕೆ, 1926ರಲ್ಲಿ ಮಂಗಳೂರಿಗೆ ಶಾಖೆ ಹೋಯಿತು. 1939ರಲ್ಲಿ ಹೆಸರಿನಿಂದ 'ಉಡುಪಿ' ಬಿತ್ತು. 1972ರಲ್ಲಿ ಅದು ಕಾರ್ಪೊರೇಷನ್ ಬ್ಯಾಂಕ್ ಆಯಿತು. 1980ರಲ್ಲಿ ಸರ್ಕಾರ ರಾಷ್ಟ್ರೀಕರಣ ಮಾಡಿತು. ಪ್ರಧಾನ ಕಚೇರಿ ಮಂಗಳೂರಿನಲ್ಲಿ ನಿಂತಿತು. ಹೆಸರಿನ ಒಳಗಿದ್ದ ಊರು ಮೊದಲು ಕಂಸದಿಂದ ಹೊರಬಂತು, ಆಮೇಲೆ ಹಲಗೆಯಿಂದಲೂ.

ಅದೇ ಪೇಟೆಯಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್' ಕಟ್ಟಿದರು. ಕೈಮಗ್ಗದ ನೇಕಾರರಿಗೆ ನೆರವಾಗುವುದು ಮೊದಲ ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ 2 ಆಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಹನಿ ಹನಿ ಗೂಡಿದರೆ ಹಳ್ಳ ಅನ್ನೋದನ್ನು ಲೆಕ್ಕ ಹಾಕಿ ನೋಡಿ: ದಿನಕ್ಕೆ 2 ಆಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ. ಸಾಹೇಬರ ಬ್ಯಾಂಕಿನ ಮೊದಲ ದಿನದ ಒಟ್ಟು ಜಮೆಗಿಂತ ಹೆಚ್ಚು, ಅದೂ ಒಬ್ಬನೇ ಬೀಡಾ ಅಂಗಡಿಯವನಿಂದ.

ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತೆ. 1906ರ ಬ್ಯಾಂಕಿಗೆ ನಂಬಿಕೆ ಹುಟ್ಟಿಸಲು ಒಂದು ಮನೆ ಬೇಕಾಗಿತ್ತು, ಜನ ಮೆಟ್ಟಿಲು ಹತ್ತಿ ಬರಬೇಕಿತ್ತು. 1928ರ ಪಿಗ್ಮಿಯಲ್ಲಿ ಬ್ಯಾಂಕೇ ಜನರ ಮನೆ ಮೆಟ್ಟಿಲು ಹತ್ತಿತು. ಕಟ್ಟಡದ ಜಾಗದಲ್ಲಿ ಒಬ್ಬ ಮನುಷ್ಯ ಬಂದ, ಕೈಯಲ್ಲಿ ಚೀಲ, ಜೇಬಿನಲ್ಲಿ ಪೆನ್ನು. ಇವತ್ತು ಆ ಮನುಷ್ಯನೂ ಬೇಡವಾಗಿ ಮಲ್ಪೆಯಲ್ಲಿ ಮೀನು ಮಾರುವವರ ಬುಟ್ಟಿಯ ಪಕ್ಕದಲ್ಲಿ ಕ್ಯೂಆರ್ ಸ್ಟಿಕ್ಕರ್ ಇದೆ. ಮನೆ, ಮನುಷ್ಯ, ಸ್ಟಿಕ್ಕರ್. ನೂರಿಪ್ಪತ್ತು ವರ್ಷದಲ್ಲಿ ನಂಬಿಕೆ ಮೂರು ಸಲ ವಿಳಾಸ ಬದಲಿಸಿದೆ, ಅದರಲ್ಲಿ ಮೊದಲ ವಿಳಾಸ ಇನ್ನೂ ನಿಂತಿದೆ. ಇಂಥ ಭಾಗ್ಯ ಎಷ್ಟು ಊರಿಗಿದೆ ಹೇಳಿ?

*

ಈಗ ಸಂಗ್ರಹಾಲಯಕ್ಕೆ ಬರೋಣ. ಶತಮಾನ ದಾಟಿದ ಮೇಲೆ ಬ್ಯಾಂಕು ತನ್ನ ಹುಟ್ಟಿದ ಮನೆಯನ್ನು ಹೆರಿಟೇಜ್ ಮ್ಯೂಸಿಯಂ ಮಾಡಿತು. ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಹಳೆಯ ಪೇಟೆ ಕಟ್ಟಡಕ್ಕೆ ಸಾಮಾನ್ಯವಾಗಿ ಎರಡೇ ಗತಿ. ಒಂದೋ ಕೆಡವಿ ಕಾಂಪ್ಲೆಕ್ಸ್ ಕಟ್ಟುವುದು, ಇಲ್ಲವೋ ಮುಂದಕ್ಕೊಂದು ಗಾಜಿನ ಗೋಡೆ ಹಚ್ಚಿ ಹಿಂದಿನದ್ದನ್ನು ಮುಚ್ಚಿಬಿಡುವುದು. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಕೋಚಿಂಗ್ ಸೆಂಟರ್. ಈ ಮನೆ ಎರಡರಿಂದಲೂ ತಪ್ಪಿಸಿಕೊಂಡಿತು. ಹುಟ್ಟಿದ ಜಾಗದಲ್ಲೇ, ಪೇಟೆಯ ಗಲಾಟೆಯ ನಡುವೆಯೇ ಉಳಿಯಿತು. ಮಾಡಿದವರಿಗೆ ಥ್ಯಾಂಕ್ಸ್ ಹೇಳಲೇಬೇಕು.

ಜಾಗದಲ್ಲೇ ಉಳಿಯುವುದರ ಬೆಲೆ ಗೊತ್ತಾಗಬೇಕಾದರೆ ಮಣಿಪಾಲಕ್ಕೆ ಹೋಗಬೇಕು. ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದವರು ವಿಜಯನಾಥ ಶೆಣೈ. ಅವರೂ ಬ್ಯಾಂಕಿನವರೇ, ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದವರು. ಕೆಡವುವುದಕ್ಕೆ ಸಿದ್ಧವಾಗಿದ್ದ ಮನೆಗಳನ್ನು ಬಿಚ್ಚಿ, ತೊಲೆ ಕಂಬಗಳನ್ನು ತಂದು ಮತ್ತೆ ಜೋಡಿಸಿದರು. ಹಳೆಯ ಅಂಗಡಿಗಳ ಸಾಮಾನು, ಬೋರ್ಡುಗಳನ್ನು ಜೋಡಿಸಿದ ಒಂದು ಬಜಾರ್ ಬೀದಿಯೂ ಅಲ್ಲಿದೆ. ಅವರು ಇಲ್ಲದಿದ್ದರೆ ಆ ಮರವೆಲ್ಲ ಸೌದೆಯಾಗುತ್ತಿತ್ತು, ಅದರಲ್ಲಿ ಅನುಮಾನ ಬೇಡ. ಆದರೂ ಆ ಬಜಾರ್ ಬೀದಿಯಲ್ಲಿ ನಡೆಯುವಾಗ ಏನೋ ಕಸಿವಿಸಿ. ಅಂಗಡಿ ಇದೆ, ಗಿರಾಕಿ ಇಲ್ಲ. ತಕ್ಕಡಿ ತೂಗುವುದಿಲ್ಲ, ಚೌಕಾಸಿ ಇಲ್ಲ, ಪಕ್ಕದ ಅಂಗಡಿಯವನ ಹೊಟ್ಟೆಕಿಚ್ಚಿಲ್ಲ. ಮನೆಯನ್ನು ಕಿತ್ತು ತರಬಹುದು, ಪೇಟೆಯನ್ನು ಕಿತ್ತು ತರಲಾಗುವುದಿಲ್ಲ. ಸಾಹೇಬರ ಮನೆಗೆ ಪೇಟೆ ಇನ್ನೂ ಜೊತೆಗಿದೆ. ಹೊರಗೆ ಬಂದರೆ ಬಸ್ಸಿನ ಹಾರ್ನು, ಎದುರಿಗೆ ವ್ಯಾಪಾರ. ಹಸ್ತಶಿಲ್ಪಕ್ಕೆ ಸಿಗದೇ ಹೋದದ್ದು ಇದಕ್ಕೆ ಪುಕ್ಕಟೆಯಾಗಿ ಸಿಕ್ಕಿದೆ.

ಸಿಕ್ಕಿದ್ದನ್ನು ಏನು ಮಾಡಿಕೊಂಡೆವು ಅನ್ನುವಲ್ಲಿಂದ ನನ್ನ ಜಗಳ ಶುರು. ಸಂಸ್ಥಾಪಕರ ನೆನಪು, ಬ್ಯಾಂಕಿನ ಚರಿತ್ರೆ ಅಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಆದರೆ ಕಣ್ಣು ಸೆಳೆಯುವುದು, ಹೆಸರು ತಂದಿರುವುದು ನಾಣ್ಯ. ಊರು ಅದನ್ನು ಕರೆಯುವುದೇ ಕಾಯಿನ್ ಮ್ಯೂಸಿಯಂ ಅಂತ. ಬ್ಯಾಂಕು ಅಂದರೆ ದುಡ್ಡು, ದುಡ್ಡು ಅಂದರೆ ನಾಣ್ಯ ಅನ್ನುವ ಸುಲಭದ ಲೆಕ್ಕ ಇದರ ಹಿಂದಿದೆ. ಆ ಲೆಕ್ಕ ತಪ್ಪು.

ನಾಣ್ಯ ಹೇಳುವುದು ರಾಜರ ಕಥೆ. ಯಾರು ಆಳಿದರು, ಯಾರ ಮುಖ ಅಚ್ಚಾಯಿತು, ಯಾವ ಲಿಪಿ. ನಾಣ್ಯಕ್ಕೆ ನಂಬಿಕೆ ಬರುವುದು ಮೇಲಿನಿಂದ, ದೊರೆಯ ಮುದ್ರೆಯಿಂದ. ಬ್ಯಾಂಕಿನ ನಂಬಿಕೆ ಬರುವುದು ಪಕ್ಕದಿಂದ. ನಿಮ್ಮ ಪಕ್ಕದ ಮನೆಯವನು ಇಟ್ಟಿದ್ದಾನೆ, ಅದಕ್ಕೆ ನೀವೂ ಇಡುತ್ತೀರಿ. ನಾಣ್ಯದ ಮೇಲೆ ಒಬ್ಬನ ಹೆಸರು, ಲೆಡ್ಜರಿನಲ್ಲಿ ಊರಿನ ಹೆಸರು. ಮೌರ್ಯರ ನಾಣ್ಯ ಉಡುಪಿಯಲ್ಲಿದ್ದರೂ ಒಂದೇ, ಮೈಸೂರಿನಲ್ಲಿದ್ದರೂ ಒಂದೇ. ರಿಸರ್ವ್ ಬ್ಯಾಂಕ್ ಮುಂಬೈಯಲ್ಲಿ 2004ರಿಂದ ಒಂದು ಹಣದ ಸಂಗ್ರಹಾಲಯ ನಡೆಸುತ್ತಿದೆ, ಪ್ರಾಚೀನ ನಾಣ್ಯಗಳಿಂದ ನೋಟಿನವರೆಗಿನ ಕಥೆ ಹೇಳಲು ಅದು ಸರಿಯಾದ ಜಾಗ. ಆದರೆ 7,454 ಪೈಯ ಕಥೆ ಮುಂಬೈಯಲ್ಲಿ ಹೇಳೋಕಾಗಲ್ಲ. ಅದನ್ನು ಹೇಳಬಲ್ಲ ಕೋಣೆ ಜಗತ್ತಿನಲ್ಲಿ ಒಂದೇ ಇದೆ, ಆ ಕೋಣೆಯಲ್ಲಿ ನಾವು ಮೊಘಲರನ್ನು ಕೂರಿಸಿದ್ದೇವೆ.

ಕಾಪುವಿನ ದೀಪಸ್ತಂಭ ಈ ವಿಷಯದಲ್ಲಿ ಅದೃಷ್ಟವಂತ. 1901ರಲ್ಲಿ ಕಟ್ಟಿದ್ದು, ಸಾಹೇಬರ ಬ್ಯಾಂಕಿಗಿಂತ ಐದು ವರ್ಷ ಹಿರಿಯ. ರಾತ್ರಿಯಾದರೆ ಇವತ್ತಿಗೂ ಬೆಳಕು ಬೀರುತ್ತೆ. ಹಾಗಾಗಿ ಅದನ್ನು ಯಾರೂ ವಿವರಿಸಬೇಕಾಗಿಲ್ಲ, ಮಗುವಿಗೂ ಅರ್ಥವಾಗುತ್ತೆ. ವ್ಯಾಪಾರದ ಕಟ್ಟಡಕ್ಕೆ ಆ ಸುಖ ಇಲ್ಲ. ಅದರ ಕೆಲಸ ಗೋಡೆಯಲ್ಲಿ ಕಾಣುವುದಿಲ್ಲ. ವ್ಯವಹಾರ ನಿಂತ ಕ್ಷಣ ಅದು ಬರೀ ಮನೆ, ಬರೀ ಹಂಚು, ಬರೀ ಮರ. ಅದಕ್ಕೇ ಅದರ ಪರವಾಗಿ ಯಾರಾದರೂ ಮಾತಾಡಬೇಕು. ಸಂಗ್ರಹಾಲಯದ ಕೆಲಸ ಅದು.

*

ಇದೆಲ್ಲ ಬರೀ ಪ್ರದರ್ಶನದ ರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿತು. ಅದರ ಹಿಂದಿನ ವರ್ಷ, ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿತ್ತು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತ ತೊಟ್ಟಿಲು ಅಂತ ನಾವು ಶಾಲೆಯಲ್ಲಿ ಓದಿದ್ದೆವು. ಒಂದು ವರ್ಷದೊಳಗೆ ಮೂರರ ಹೆಸರು ಹೋಯಿತು. ಕರ್ಣಾಟಕ ಬ್ಯಾಂಕ್, ಕೆನರಾ ಬ್ಯಾಂಕ್ ಎರಡು ಉಳಿದವು. ಉಡುಪಿ ಪೇಟೆಯಲ್ಲಿ ಹುಟ್ಟಿದವು ಎರಡೂ ಹೋದವು.

ವಿಲೀನದ ಪರವಾಗಿ ಕಾರಣಗಳಿವೆ, ಅದನ್ನು ಇಲ್ಲಿ ಚರ್ಚಿಸೋದಿಲ್ಲ. ನಮಗೆ ಬೇಕಾದ ವಿಷಯ ಒಂದೇ. ಈಗ ಆ ಮನೆ ಒಂದು ವಿಚಿತ್ರ ಸ್ಥಿತಿಯಲ್ಲಿದೆ. ಯಾವ ಬ್ಯಾಂಕಿನ ಪರಂಪರೆಗಾಗಿ ಸಂಗ್ರಹಾಲಯ ಆಯಿತೋ ಆ ಬ್ಯಾಂಕೇ ಇಲ್ಲ. ಮಗ ತೀರಿಕೊಂಡ ಮೇಲೆ ತಾಯಿಯನ್ನು ಸೊಸೆಯ ತವರಿನವರು ನೋಡಿಕೊಂಡ ಹಾಗೆ. ನೋಡಿಕೊಳ್ಳುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಮುಂಬೈಯ ಪ್ರಧಾನ ಕಚೇರಿಯಲ್ಲಿ ಖರ್ಚಿನ ಪಟ್ಟಿ ನೋಡುವ ಅಧಿಕಾರಿಗೆ ಈ ಮನೆ ಏನಾಗಿ ಕಾಣಬಹುದು? ನಾಣ್ಯಗಳಿರುವ ಒಂದು ಹಳೆಯ ಆಸ್ತಿ. ನಾಣ್ಯಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಬೇರೆ ಊರಿಗೆ ಕಳಿಸಬಹುದು. ಅಂದರೆ ನಾಣ್ಯ ಮ್ಯೂಸಿಯಂ ಅನ್ನುವ ಹೆಸರು ಈ ಕಟ್ಟಡಕ್ಕೆ ರಕ್ಷಣೆಯೇ ಅಲ್ಲ. ಒಳಗಿರುವ ವಸ್ತುವಿಗಾಗಿ ಉಳಿಸಿದ ಕಟ್ಟಡವನ್ನು ಆ ವಸ್ತು ಹೋದ ದಿನ ಬಿಡಬಹುದು. ಅಲ್ಲಿ ನಡೆದ ಕೆಲಸಕ್ಕಾಗಿ ಉಳಿಸಿದ್ದನ್ನು ಅಷ್ಟು ಸುಲಭವಾಗಿ ಬಿಡಲಾಗುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದು ಹೇಳಲು ಸ್ವಲ್ಪ ಕಷ್ಟದ್ದು. 2022ರ ಮಾರ್ಚಿನಲ್ಲಿ ಕಾಪುವಿನ ಹೊಸ ಮಾರಿಗುಡಿಯ ಸುಗ್ಗಿ ಮಾರಿಪೂಜೆಯ ಹೊತ್ತಿಗೆ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಕೊಡದ ಸುದ್ದಿ ನೀವೆಲ್ಲ ಓದಿದ್ದೀರಿ. ಆಮೇಲೆ ಅದು ಕರಾವಳಿಯ ಬೇರೆ ಜಾತ್ರೆಗಳಿಗೂ ಹಬ್ಬಿತು. ಕಾನೂನು, ನಿಯಮ, ಪ್ರತಿಭಟನೆ, ಪ್ರತೀಕಾರ, ಎಲ್ಲ ಕಡೆಯ ವಾದಗಳೂ ಬಂದವು. ನಾನು ಗಮನಿಸಿದ್ದು ಒಂದು ಸಣ್ಣ ವಿಷಯ. ಆ ದಿನಗಳಲ್ಲಿ ಎಷ್ಟೋ ಜನ ಸೌಹಾರ್ದದ ಉದಾಹರಣೆಯಾಗಿ ಹಾಜಿ ಅಬ್ದುಲ್ಲಾ ಸಾಹೇಬರು ದೀಪೋತ್ಸವಕ್ಕೆ ಎಣ್ಣೆ ಕೊಟ್ಟ ಕಥೆಯನ್ನು ಹಂಚಿಕೊಂಡರು. ಮನಸ್ಸು ಒಳ್ಳೆಯದೇ. ಆದರೆ ಆ ಕಥೆ ಆ ಜಗಳಕ್ಕೆ ಉತ್ತರವಲ್ಲ. ಜಾತ್ರೆಯಲ್ಲಿ ಬಳೆ ಮಾರುವವನು, ಕಲ್ಲಂಗಡಿ ಮಾರುವವನು ಯಾರಿಗೂ ದಾನ ಕೊಡಲು ಬಂದವನಲ್ಲ, ಯಾರಿಂದಲೂ ದಾನ ಕೇಳಲು ಬಂದವನೂ ಅಲ್ಲ. ವ್ಯಾಪಾರಕ್ಕೆ ಬಂದವನು. ತಾನು ಇಲ್ಲಿ ನಿಲ್ಲಲು ಅರ್ಹ ಅಂತ ತೋರಿಸಲು ಅವನು ಮಹಾದಾನಿ ಆಗಬೇಕೇ? ಎಣ್ಣೆಯ ಕಥೆ ನಮಗೆ ಗೊತ್ತಿಲ್ಲದೆಯೇ ಅಂಥದ್ದೊಂದು ಶರತ್ತು ಹಾಕಿಬಿಡುತ್ತೆ. ಬ್ಯಾಂಕಿನ ಕಥೆ ಹಾಕುವುದಿಲ್ಲ. 1906ರಲ್ಲಿ ಆ ಮನೆಯ ಮೆಟ್ಟಿಲು ಹತ್ತಿದವರು ಸಾಹೇಬರ ಔದಾರ್ಯ ನೋಡಿ ಬಂದವರಲ್ಲ. ಲೆಕ್ಕ ಸರಿ ಇರುತ್ತೆ ಅಂತ ಬಂದರು. ಪೇಟೆಯಲ್ಲಿ ಕೂಡಿ ಬಾಳಲು ಅಷ್ಟು ಸಾಕಾಗಿತ್ತು. ಈ ಪಾಠ ಕಲಿಸಬಲ್ಲ ಕಟ್ಟಡ ನಮ್ಮ ಊರಿನ ಮಧ್ಯದಲ್ಲೇ ಇದೆ, ನಾವು ಅಲ್ಲಿ ಮಕ್ಕಳಿಗೆ ಅಕ್ಬರನ ಕಾಲದ ರೂಪಾಯಿ ತೋರಿಸುತ್ತಿದ್ದೇವೆ.

*

ಟೀಕೆ ಸುಲಭ, ಏನು ಮಾಡಬೇಕು ಹೇಳಿ ಅಂತ ಕೇಳುವವರಿಗೆ.

ಒಂದು, ಮುಖ್ಯ ಕೋಣೆಯನ್ನು ಮೊದಲ ದಿನಕ್ಕೆ ಬಿಟ್ಟುಕೊಡಿ. ನಾಣ್ಯಗಳು ಒಳಗಿನ ಕೋಣೆಗೆ ಹೋಗಲಿ, ಯಾರೂ ಅವನ್ನು ಎಸೆಯಿರಿ ಅನ್ನುತ್ತಿಲ್ಲ. ಎದುರಿಗೆ ಒಂದು ಮೇಜು, ಒಂದು ಲೆಡ್ಜರ್, ಒಂದು ತಿಜೋರಿ. ಗೋಡೆಯ ಮೇಲೆ ದೊಡ್ಡದಾಗಿ ಆ ಮೂರು ಅಂಕಿ: 38, 13, 2. ಬಂದ ಮಕ್ಕಳು ಆಣೆ ಪೈ ಲೆಕ್ಕ ಹಾಕಲಿ. ರೂಪಾಯಿಗೆ 192 ಪೈ ಅಂತ ತಿಳಿದ ಮೇಲೆ 2 ಪೈಯ ಗೌರವ ತಾನಾಗಿ ತಿಳಿಯುತ್ತೆ.

ಎರಡು, ಇಡೀ ಪೇಟೆಯ ಬ್ಯಾಂಕಿಂಗ್ ಕಥೆಗೆ ಜಾಗ ಮಾಡಿ. ಸಿಂಡಿಕೇಟಿನ ಪಿಗ್ಮಿ ಇಲ್ಲದೆ ಉಡುಪಿಯ ಬ್ಯಾಂಕಿನ ಕಥೆ ಅರ್ಧ. ಈಗ ಎರಡೂ ಹೆಸರು ಹೋಗಿರುವಾಗ ಹಳೆಯ ಪೈಪೋಟಿಗೆ ಅರ್ಥವಿಲ್ಲ. ಚೀಲ ಹಿಡಿದು ಮನೆ ಮನೆ ತಿರುಗಿದ ಪಿಗ್ಮಿ ಏಜೆಂಟರು ಇನ್ನೂ ನಮ್ಮ ನಡುವೆ ಇದ್ದಾರೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಯಾವ ಮನೆಯಲ್ಲಿ ಯಾವ ಭಾಷೆ ಆಡಬೇಕು, ಯಾವ ಅಂಗಡಿಗೆ ತಿಂಗಳ ಕೊನೆಯಲ್ಲಿ ಹೋಗಬಾರದು ಅಂತ ಬಲ್ಲವರು. ಅವರ ಮಾತು ರೆಕಾರ್ಡ್ ಮಾಡಿಕೊಳ್ಳಲು ಒಂದು ಮೊಬೈಲ್ ಸಾಕು. ಮಣಿಪಾಲದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳು ಸಾವಿರಾರು ಜನ ಅಲ್ಲದಿದ್ದರೂ ಸಾಕಷ್ಟು ಜನ ಇದ್ದಾರೆ, ಅವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೇ?

ಮೂರನೆಯದೇ ನನಗೆ ಮುಖ್ಯ. ಆ ಮನೆಯಲ್ಲಿ ಒಂದು ಕೌಂಟರ್ ಜೀವಂತವಾಗಿರಲಿ. ಬ್ಯಾಂಕ್ ವಿಲೀನವಾದಾಗ ಚೆಕ್‌ಬುಕ್ ಬದಲು, ಐಎಫ್‌ಎಸ್‌ಸಿ ಬದಲು, ಆ್ಯಪ್ ಬದಲು. ನಾವು ಅದನ್ನು ಐದು ನಿಮಿಷದಲ್ಲಿ ಮುಗಿಸಿ ಮರೆತೆವು. ನಮ್ಮ ಅಪ್ಪ ಅಮ್ಮಂದಿರಿಗೆ ಅದು ತಿಂಗಳುಗಟ್ಟಲೆಯ ಗೊಂದಲ. ಇನ್ನೊಂದು ಕಡೆ, ಒಟಿಪಿ ಕೇಳಿ ಫೋನ್ ಮಾಡುವ ಕಳ್ಳರು. ಪಾಸ್‌ಬುಕ್ಕಿನಲ್ಲಿ ಎಂಟ್ರಿ ನೋಡದೆ ನಿದ್ದೆ ಬಾರದ ಒಂದು ತಲೆಮಾರು ಇವತ್ತು ಉಡುಪಿ, ಕಾರ್ಕಳ, ಕಾಪುವಿನ ದೊಡ್ಡ ದೊಡ್ಡ ಮನೆಗಳಲ್ಲಿ ಒಂಟಿಯಾಗಿದೆ, ಮಕ್ಕಳು ಬೆಂಗಳೂರು, ದುಬೈನಲ್ಲಿದ್ದಾರೆ. ಅಂದರೆ ನಾವೇ. ಅವರು ನಾಚಿಕೆಯಿಲ್ಲದೆ ಬಂದು 'ಇದು ಹೇಗೆ ಮಗಾ?' ಅಂತ ಕೇಳಬಹುದಾದ, ಏನನ್ನೂ ಮಾರಲು ಹೊರಡದ ಒಂದು ಮೇಜು ಈ ಊರಿನಲ್ಲಿ ಬೇಕು. 1906ರಲ್ಲಿ ಬ್ಯಾಂಕಿಗೆ ಹೆದರಿದವರಿಗೆ ಧೈರ್ಯ ಕೊಟ್ಟ ಮನೆ 2020ರ ದಶಕದಲ್ಲಿ ಆ್ಯಪಿಗೆ ಹೆದರಿದವರಿಗೆ ಧೈರ್ಯ ಕೊಡಲಿ.

ಆಗ ಅದು ಸಂಗ್ರಹಾಲಯ ಅನ್ನಿಸಿಕೊಳ್ಳುತ್ತಾ? ಹಳೆಯ ಕಟ್ಟಡ ಅಂದರೆ ಸುಮ್ಮನಿರಬೇಕು, ಮುಟ್ಟಬಾರದು, ಹಗ್ಗ ಕಟ್ಟಿ ನೋಡಬೇಕು ಅನ್ನುವವರು ಇದನ್ನು ಒಪ್ಪಲಿಕ್ಕಿಲ್ಲ. ದೇವಸ್ಥಾನಕ್ಕೆ, ಅರಮನೆಗೆ ಆ ಮಾತು ಸರಿ ಇರಬಹುದು. ಪೇಟೆಯ ಕಟ್ಟಡಕ್ಕೆ ಒಪ್ಪುವುದಿಲ್ಲ. ಈ ಮನೆ ಹುಟ್ಟಿನಿಂದಲೇ ಕೆಲಸ ಬದಲಿಸಿಕೊಂಡು ಬಂದದ್ದು. ಸಂಸಾರಕ್ಕೆ ಕಟ್ಟಿದರು, ಬ್ಯಾಂಕಾಯಿತು, ಪ್ರದರ್ಶನಾಲಯವಾಯಿತು. ಬದಲಾವಣೆ ಅದರ ಸ್ವಭಾವ, ಬದಲಾವಣೆಗೆ ನನ್ನ ವಿರೋಧವೂ ಇಲ್ಲ. ಮೊದಲ ಎರಡು ಉಪಯೋಗಗಳಲ್ಲಿ ಊರು ಅದರ ಒಳಗೆ ಕೆಲಸವಿದ್ದು ಬರುತ್ತಿತ್ತು, ಮೂರನೆಯದರಲ್ಲಿ ಬರೀ ನೋಡಲು ಬರುತ್ತಿದೆ, ಅಷ್ಟೇ ನನ್ನ ತಕರಾರು.

ಮುಂದಿನ ಸಲ ಊರಿಗೆ ಹೋದಾಗ ಆ ಮನೆಗೆ ಒಮ್ಮೆ ಹೋಗಿ. ಮಳೆ ಬರಲಿ ಅಂತ ಕಾಯಬೇಡಿ. ನಾಣ್ಯಗಳನ್ನೂ ನೋಡಿ. ಆಮೇಲೆ ಸಂದರ್ಶಕರ ಅಭಿಪ್ರಾಯ ಕೇಳಿದರೆ 'ನೈಸ್ ಕಲೆಕ್ಷನ್' ಅಂತ ಬರೆದು ಬರಬೇಡಿ. ಮೊದಲ ದಿನದ ಲೆಕ್ಕ ಎಲ್ಲಿದೆ, ತೋರಿಸಿ ಅಂತ ಕೇಳಿ. ಹತ್ತು ಜನ ಕೇಳಿದರೆ ಮುಂಬೈಗೂ ಕೇಳಿಸುತ್ತೆ. ಠೇವಣಿ ಇಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ, ಆ ಮನೆಯಲ್ಲಿ ಠೇವಣಿ ಇಟ್ಟದ್ದು ನಮ್ಮ ಊರು.